ನೋಯದ ಕಾಲು

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಲ್ಲಿ ಎಲ್ಲಿ ಗುಂಡಿ ಇದೆ, ಎಲ್ಲಿ ಹಂಪು ಇದೆ ಅನ್ನುವುದು ಕಣ್ಣು ಮುಚ್ಚಿಕೊಂಡಿದ್ದರೂ ನನ್ನ ಸೊಂಟಕ್ಕೆ ಗೊತ್ತಾಗುತ್ತದೆ. ನಾನು ಆ ರೂಟಿನ ಬಸ್ ಕಂಡಕ್ಟರ್. ಬಾಗಿಲಲ್ಲಿ ನೇತಾಡುವವರನ್ನು ಬೈದು ಒಳಗೆ ಹಾಕುವುದು, ಒಳಗಿರುವವರನ್ನು ಬೈದು ಹಿಂದಕ್ಕೆ ಕಳಿಸುವುದು, ಇದೇ ನನ್ನ ಬದುಕು. ಬಾಯಿ ಜೋರು ಅಂತ ಡಿಪೋದಲ್ಲೂ ಹೆಸರಿದೆ, ಮನೆಯಲ್ಲೂ ಇದೆ. ಇಷ್ಟು ಜನರನ್ನು ಬಸ್ಸು ಹತ್ತಿಸಿದ ನನ್ನ ಕೈಯಲ್ಲಿ ಒಬ್ಬನನ್ನು ಮಾತ್ರ ಎಳೆದು ಹತ್ತಿಸಲು ಆಗದೇ ಹೋದ ಬೆಳಗೊಂದಿದೆ.

ಆ ಒಬ್ಬ ನನ್ನ ಅಣ್ಣ. ಹಂಗಳದಲ್ಲಿ ವ್ಯವಸಾಯ ಮಾಡಿಕೊಂಡಿದ್ದಾನೆ. ಅರಿಸಿನ, ಟೊಮೆಟೊ, ಸಣ್ಣ ಈರುಳ್ಳಿ. ಕಾಡಿನ ಕಡೆಯ ಹೊಲವಾದ್ದರಿಂದ ಹಂದಿಗೊಂದು ಪಾಲು, ಆನೆಗೊಂದು ಪಾಲು ಕೊಟ್ಟು ಉಳಿದದ್ದನ್ನು ಮನೆಗೆ ತರುತ್ತಾನೆ. ತುಂಬ ವರ್ಷದಿಂದ ಅವನಿಗೆ ಸಕ್ಕರೆ ಕಾಯಿಲೆ. ಮಾತ್ರೆ ನೆನಪಾದರೆ ನುಂಗುತ್ತಾನೆ. ನೆನಪಾಗದ ದಿನ, "ಒಲ್ದಲ್ಲಿ ಬೆವರು ಸುರುಸಿವ್ನಿ, ಸಕ್ಕರೆಯೆಲ್ಲ ಅದ್ರಲ್ಲೇ ಓಯ್ತು ಬುಡು" ಅನ್ನುತ್ತಾನೆ. ಇಂಥವನ ಜೊತೆ ವಾದ ಮಾಡಿ ಅತ್ತಿಗೆ ಸೋತು ಸುಣ್ಣವಾಗಿದ್ದಳು.

ಎರಡು ವರ್ಷದ ಹಿಂದೆ ನನ್ನ ಹೊಟ್ಟೆಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಮೈಸೂರಿನಲ್ಲಿ ಆಪರೇಷನ್ ಮಾಡಿ ತೆಗೆದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಆಗ ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹರಕೆ ಹೊತ್ತನಂತೆ. ರಿಪೋರ್ಟು ಒಳ್ಳೆಯದು ಬಂದರೆ ಮೂರು ಶಿವರಾತ್ರಿಗೆ ಹಂಗಳದ ಮನೆ ಬಾಗಿಲಿಂದ ಮಾದಪ್ಪನ ಬೆಟ್ಟದವರೆಗೆ ಬರಿಗಾಲಲ್ಲಿ ನಡೆಯುತ್ತೇನೆ, ನಡುವೆ ಚಕ್ರವಿರುವ ಯಾವುದನ್ನೂ ಹತ್ತುವುದಿಲ್ಲ ಅಂತ. ರಿಪೋರ್ಟು ಒಳ್ಳೆಯದೇ ಬಂತು. ನನ್ನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದೆ. ಯಾರೂ ಕೇಳಲಿಲ್ಲ. ಜೀವ ನನ್ನದು, ಹರಕೆ ಅವನದು ಅನ್ನುವ ಹಾಗಾಯಿತು.

ಮೊದಲ ವರ್ಷ ಅವನು ಹೋಗಿ ಬಂದ ಮೇಲೆ ಊರಲ್ಲೆಲ್ಲ ಒಂದೇ ಮಾತು. ಊರಿಂದ ಜೊತೆಗೆ ನಡೆದ ಹರಕೆಯ ತಂಡದವರೆಲ್ಲ ಕಾಲಿನ ಬೊಬ್ಬೆ ಒಡೆದುಕೊಂಡು, ಬಟ್ಟೆ ಸುತ್ತಿಕೊಂಡು, ಕುಂಟುತ್ತ ಬಂದಿದ್ದರೆ, ಅಣ್ಣ ಒಬ್ಬ ಮಾತ್ರ ಹೊಲಕ್ಕೆ ಹೋಗಿ ಬಂದವನಂತೆ ಬಂದಿದ್ದ. ಕಾದ ಟಾರಿನ ಮೇಲೆ ನಡೆದರೂ ಒಂದು ಸಲ ಹಾ ಅನ್ನಲಿಲ್ಲವಂತೆ. ಮಾದಪ್ಪ ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿದ್ದಾನೆ ಅಂದರು ತಂಡದ ಯಜಮಾನರು. ವಯಸ್ಸಾದ ಹೆಂಗಸರು ಬಂದು ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಣ್ಣ ಮೊದಲು ನಾಚಿಕೊಂಡ. ಆಮೇಲೆ ನಂಬಿದ.

ಈ ವರ್ಷ, ಹರಕೆಯ ಎರಡನೆಯ ಶಿವರಾತ್ರಿಗೆ ಮುಂಚೆ ಅತ್ತಿಗೆ ಫೋನ್ ಮಾಡಿದಳು. "ನೀನೂ ಜೊತೇಲಿ ಓಗವ್ವ. ನನ್ನ ಮಾತು ಕೇಳಲ್ಲ, ನಿನ್ನ ಬಾಯಿಗಾದ್ರೂ ಎದ್ರುಕೊಂಡು ಮಾತ್ರೆ ನುಂಗ್ತಾರೆ" ಅಂದಳು. ಹಸು ಕರು ಬಿಟ್ಟು ಅವಳು ಬರುವ ಹಾಗಿರಲಿಲ್ಲ. ನಾನು ರಜಾ ಹಾಕಿದೆ, ಒಂದು ಜೊತೆ ಕ್ಯಾನ್ವಾಸ್ ಬೂಟು ಕೊಂಡೆ. ದೇವರ ಮೇಲೆ ನನಗೆ ಸಿಟ್ಟಿಲ್ಲ, ಹಾಗಂತ ಬರಿಗಾಲಲ್ಲಿ ನಡೆಯುವಷ್ಟು ಸಲಿಗೆಯೂ ಇಲ್ಲ.

ಬೆಳಗಿನ ಜಾವ ಹಂಗಳದಿಂದ ಹೊರಟೆವು. ಹೊರಡುವ ಮುಂಚೆ ಯಜಮಾನರು ಹರಕೆ ಹೊತ್ತ ಒಬ್ಬೊಬ್ಬರ ಸೊಂಟಕ್ಕೂ ಒಂದು ಹಳದಿ ಬಟ್ಟೆ ಕಟ್ಟಿದರು. ಅದರ ತುದಿಯಲ್ಲಿ ಒಂದು ಅಡಿಕೆ, ಚಿಟಿಕೆ ವಿಭೂತಿ ಇಟ್ಟ ಗಂಟು. ಆ ಗಂಟು ಬೆಟ್ಟದ ಮೇಲೆಯೇ ಬಿಚ್ಚಬೇಕು. ಬೂಟು ಹಾಕಿದ ನನಗೆ ಬಟ್ಟೆಯೂ ಇಲ್ಲ, ಗಂಟೂ ಇಲ್ಲ. "ಕಂಡಕ್ಟ್ರಮ್ಮ ಟಿಕೆಟ್ ಇಲ್ದೆ ಬತ್ತಾವಳೆ" ಅಂತ ತಂಡದವರು ಗುಂಡ್ಲುಪೇಟೆಯವರೆಗೂ ತಮಾಷೆ ಮಾಡಿದರು. ಊಟಿ ಕಡೆಗೆ ಓಡುವ ಕಾರುಗಳು, ಕೇರಳಕ್ಕೆ ತರಕಾರಿ ಹೊತ್ತ ಲಾರಿಗಳು ಮೈಗೆ ಒರಸಿಕೊಂಡೇ ಹೋಗುತ್ತಿದ್ದವು. ಅಣ್ಣ ಎಲ್ಲರಿಗಿಂತ ಮುಂದೆ, ಉಘೇ ಉಘೇ ಅಂತ ಮಾದಪ್ಪನಿಗೆ ಜಯಕಾರ ಹಾಕುತ್ತ, ಹಿಂದೆ ತಿರುಗಿ ನೋಡದೆ ನಡೆಯುತ್ತಿದ್ದ. ಬೂಟಿನೊಳಗೆ ನನ್ನ ಹಿಮ್ಮಡಿಯೇ ಉರಿಯತೊಡಗಿತ್ತು.

ಸಂಜೆ ತೆರಕಣಾಂಬಿ ತಲುಪಿದೆವು. ಅಲ್ಲಿ ವ್ಯಾಪಾರಸ್ಥರ ಮನೆಯೊಂದು ಪ್ರತಿ ವರ್ಷ ನಮ್ಮೂರ ತಂಡಕ್ಕೆ ಊಟ ಹಾಕುತ್ತದೆ. ಊಟಕ್ಕೆ ಮುಂಚೆ ನಡೆದು ಬಂದವರ ಕಾಲನ್ನು ಉಪ್ಪು ಬೆರೆಸಿದ ಬಿಸಿನೀರಿನಲ್ಲಿ ತೊಳೆಯುವುದು ಅವರ ಪದ್ಧತಿ. ಹಿತ್ತಿಲಲ್ಲಿ ಅಗಲದ ಟಬ್ಬು ಇಟ್ಟಿದ್ದರು. ಒಲೆಯಿಂದ ಆಗ ತಾನೇ ಇಳಿಸಿದ ನೀರು. ಮೊದಲು ಕಾಲಿಟ್ಟವನು ಚಂಗನೆ ಹಿಂದಕ್ಕೆ ನೆಗೆದ. ಎರಡನೆಯವನು ತುದಿ ಬೆರಳು ಅದ್ದಿ, "ಅಯ್ಯಪ್ಪಾ, ತಣ್ಣೀರು ಬೆರಸ್ರವ್ವ" ಅಂದ. ಅಣ್ಣ ಬಂದು ಎರಡೂ ಕಾಲನ್ನು ಒಟ್ಟಿಗೆ ಇಟ್ಟು ನಿಂತುಕೊಂಡ. ನಿಂತುಕೊಂಡೇ ಆ ಮನೆಯ ಅಡಿಕೆ ವ್ಯಾಪಾರದ ವಿಚಾರ ಕೇಳಿದ. ತಣ್ಣೀರು ತರಲು ಹೋಗಿದ್ದ ಮನೆಯೊಡತಿ ಬಂದವಳೇ ಕೊಡವನ್ನು ಕೆಳಗಿಟ್ಟು, ಅವನ ಒದ್ದೆ ಕಾಲಿಗೆ ಹಣೆ ಹಚ್ಚಿದಳು. ಸುತ್ತ ಇದ್ದವರು ಉಘೇ ಅಂದರು.

ನಾನು ಅನ್ನಲಿಲ್ಲ. ನನಗೆ ನಮ್ಮ ಡಿಪೋದ ಒಬ್ಬ ಡ್ರೈವರ್ ನೆನಪಾಗಿದ್ದ. ವರ್ಷಾನುಗಟ್ಟಲೆ ನನ್ನ ಜೊತೆ ಇದೇ ರಸ್ತೆಯಲ್ಲಿ ಬಸ್ಸು ಓಡಿಸಿದವನು. ಅವನಿಗೂ ಸಕ್ಕರೆ ಕಾಯಿಲೆ. ಒಂದು ದಿನ ಹಂಪಿನ ಹತ್ತಿರ ಬ್ರೇಕು ಹಾಕದೆ ಬಸ್ಸನ್ನು ಹಾರಿಸಿ, ಆಮೇಲೆ ರಸ್ತೆ ಬದಿಗೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಕೂತುಬಿಟ್ಟ. ಪೆಡಲಿನ ಮೇಲೆ ಕಾಲಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಅಂದ. ಅವನಿಗೆ ಡ್ರೈವಿಂಗ್ ತಪ್ಪಿಸಿ ಆಫೀಸಿನೊಳಗೆ ಕೂರಿಸಿದರು. ಅವನ ಕಾಲನ್ನೂ ಯಾರಾದರೂ ಬಿಸಿನೀರಿನಲ್ಲಿ ಇಳಿಸಿದ್ದರೆ ಅವನೂ ದೇವರಾಗುತ್ತಿದ್ದ ಅನ್ನಿಸಿತು.

ಊಟಕ್ಕೆ ಕೂತಾಗ ನಾನು ಅಣ್ಣನ ಪಕ್ಕದಲ್ಲೇ ಕೂತೆ. ಚಕ್ಕಂಬಕ್ಕಳ ಹಾಕಿದ್ದ ಅವನ ಬಲಗಾಲಿನ ಕಿರುಬೆರಳು ನನ್ನ ತೊಡೆಯ ಹತ್ತಿರ ಇತ್ತು. ಯಾರಿಗೂ ಕಾಣದಂತೆ ಅದನ್ನು ಉಗುರಿನಿಂದ ಚಿವುಟಿದೆ. ಅಣ್ಣ ಅನ್ನ ಕಲೆಸುತ್ತಿದ್ದ. ಇನ್ನಷ್ಟು ಜೋರಾಗಿ ಚಿವುಟಿದೆ. ಉಗುರಿನ ಗುರುತು ಬಿತ್ತು. ಅವನು ಬಡಿಸುವವರನ್ನು ಕರೆದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ನಾನು ಎಲೆ ಮಡಚಿ ಎದ್ದೆ.

ಕೈ ತೊಳೆಯುವ ಕಡೆ ಅವನನ್ನು ನಿಲ್ಲಿಸಿ ಹೇಳಿದೆ. "ಅಣ್ಣ, ಇದು ಮಾದಪ್ಪನ ಮಹಿಮೆ ಅಲ್ಲ. ನಿನ್ನ ಕಾಲು ಸತ್ತೋಗ್ತಾ ಅದೆ. ಡಾಕ್ಟ್ರತ್ರ ಓಗನ ನಡಿ."

"ನೋವಿಲ್ಲ ಅಂದ್ರೆ ಒಳ್ಳೇದಲ್ವಮ್ಮಿ?" ಅಂದ. ನಕ್ಕ. "ನಿಂಗೆ ಬೂಟ್ ಆಕಿದ್ರೂ ನೋಯ್ತದೆ, ನಂಗೆ ಬರಿಗಾಲಾದ್ರೂ ನೋಯಲ್ಲ. ಈಗ್ಲಾದ್ರೂ ಅರ್ಥ ಮಾಡ್ಕೊ."

ಅರ್ಥ ಮಾಡಿಕೊಂಡದ್ದಕ್ಕೇ ನನಗೆ ಭಯವಾಗಿದ್ದು. ನೋಯುವವನು ಕುಂಟುತ್ತಾನೆ, ಕೂರುತ್ತಾನೆ, ಮುಳ್ಳು ತೆಗೆಸಿಕೊಳ್ಳುತ್ತಾನೆ. ಇವನಿಗೆ ನಿಲ್ಲು ಅಂತ ಹೇಳುವವರು ಮೈಯೊಳಗೇ ಯಾರೂ ಉಳಿದಿರಲಿಲ್ಲ.

ಮಾರನೆಯ ಬೆಳಗ್ಗೆಯಿಂದ ನಾನು ಅವನ ಹಿಂದೆಯೇ ನಡೆದೆ, ಅವನ ಹೆಜ್ಜೆ ನೋಡಿಕೊಂಡು. ದಾರಿಯ ಎರಡೂ ಕಡೆ ಹೊಲಗಳಲ್ಲಿ ಅರಿಸಿನ ಬೇಯಿಸುತ್ತಿದ್ದರು. ಹಬೆಯ ವಾಸನೆ ರಸ್ತೆಯ ತುಂಬ ಇತ್ತು. ನಮ್ಮ ಬಸ್ಸುಗಳು ಹಾರ್ನ್ ಹೊಡೆದು ಹೋಗುತ್ತಿದ್ದವು, ಡ್ರೈವರುಗಳು ಕೈ ಬೀಸುತ್ತಿದ್ದರು. ನಾನು ತಲೆ ಎತ್ತಲಿಲ್ಲ. ಒಂದೊಂದು ಗಾಜಿನ ಚೂರು ಕಂಡಾಗಲೂ "ಅಣ್ಣ, ಎಡಕ್ಕೆ" ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿನ ನಂತರ ಅವನಿಗೆ ರೇಗಿತು. "ನನ್ನೇನು ಕುರುಡ ಅಂದ್ಕೊಂಡಿದ್ದೀಯ? ಮುಂದಕ್ಕೆ ಓಗು ನೀನು" ಅಂದ. ನಾನು ಹೋಗಲಿಲ್ಲ.

ಬಿಸಿಲು ಏರಿದ ಹೊತ್ತಿಗೆ ಟಾರಿನ ಮೇಲೆ ಒಂದು ಒದ್ದೆ ಗುರುತು ಕಾಣಿಸಿತು. ಯಾರೋ ಮಜ್ಜಿಗೆ ಚೆಲ್ಲಿರಬೇಕು ಅಂದುಕೊಂಡೆ. ಮುಂದೆ ಇನ್ನೊಂದು ಗುರುತು. ಅದರ ಮುಂದೆ ಮತ್ತೊಂದು. ಎಲ್ಲ ಬಲಗಾಲಿನ ಅಳತೆಯಲ್ಲಿ. ಬಗ್ಗಿ ಮುಟ್ಟಿದೆ, ಬೆರಳು ಕೆಂಪಾಯಿತು. ನಾನು ಕಿರುಚಿದ್ದಕ್ಕೆ ಇಡೀ ತಂಡ ನಿಂತಿತು.

ಅಣ್ಣನನ್ನು ಕಿಲೋಮೀಟರ್ ಕಲ್ಲಿನ ಮೇಲೆ ಬಲವಂತವಾಗಿ ಕೂರಿಸಿ ಕಾಲು ಎತ್ತಿ ನೋಡಿದೆ. ಎತ್ತಿನ ಲಾಳದ ಮೊಳೆ. ತಲೆಯೊಂದು ಬಿಟ್ಟು ಪೂರ್ತಿ ಒಳಗೆ ಹೋಗಿತ್ತು. ನಡೆದೂ ನಡೆದೂ ಅದರ ತಲೆ ಬೆಳ್ಳಗೆ ಹೊಳೆಯುತ್ತಿತ್ತು. ಎಲ್ಲಿ ಚುಚ್ಚಿತೋ, ಎಷ್ಟು ದೂರ ಅದರ ಮೇಲೆ ನಡೆದನೋ, ಅವನಿಗೇ ಗೊತ್ತಿಲ್ಲ.

"ಮೊಳೆನ?" ಅಂದ ಅಣ್ಣ. ಕತ್ತು ತಿರುಗಿಸಿ ನೋಡಿದ. ಅವನ ಮುಖದಲ್ಲಿ ಇದ್ದದ್ದು ಹೆಮ್ಮೆ. "ಗೊತ್ತೇ ಆಗ್ನಿಲ್ಲ ಕಣಮ್ಮಿ."

ಯಾರೋ ಹಿಂದಿನಿಂದ ಉಘೇ ಮಾದಪ್ಪ ಅಂದರು. ಉಳಿದವರೂ ದನಿಗೂಡಿಸಿದರು. ನನಗೆ ಎಲ್ಲಿತ್ತೋ ಸಿಟ್ಟು. "ಬಾಯಿ ಮುಚ್ಕೊಳ್ರೀ ಎಲ್ಲ. ಕಾಲಿಗೆ ಮೊಳೆ ಚುಚ್ಕೊಂಡದೆ, ಆರತಿ ಎತ್ತಕ್ಕೆ ಬಂದವ್ರೆ" ಅಂದೆ. ಯಜಮಾನರ ಮುಖ ಬಿಗಿಯಿತು. ಹೆಂಗಸೊಬ್ಬಳು ಉಘೇ ಅನ್ನುವುದನ್ನು ನಿಲ್ಲಿಸಿದ್ದು ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು. ಅಣ್ಣ ನನ್ನ ಪರವಾಗಿ ಅವರ ಕ್ಷಮೆ ಕೇಳಿದ. ಆಮೇಲೆ ತಾನೇ ಮೊಳೆ ಕಿತ್ತ. ಹತ್ತಿರದ ಹೊಲದಿಂದ ಹಸಿ ಅರಿಸಿನದ ಕೊಂಬು ತರಿಸಿ, ಜಜ್ಜಿ ಮೆತ್ತಿ, ಟವೆಲಿನ ಅಂಚು ಹರಿದು ಕಟ್ಟಿಕೊಂಡ. ಕಟ್ಟಿಕೊಂಡು ಎದ್ದು ನಡೆದ.

ಚಾಮರಾಜನಗರ ಇನ್ನೂ ದೂರವಿರುವಾಗಲೇ ಒಂದು ಊರಿನ ಸಮುದಾಯ ಭವನದಲ್ಲಿ ತಂಗಿದೆವು. ಗುಂಡ್ಲುಪೇಟೆಗೆ ವಾಪಸು ಹೋಗೋಣ, ಟಿಟಿ ಇಂಜೆಕ್ಷನ್ ಆದರೂ ಹಾಕಿಸೋಣ ಅಂದೆ. ಅಣ್ಣ ಒಪ್ಪದಾಗ ಆ ಊರಿನ ನರ್ಸಮ್ಮನನ್ನು ಕರೆಸಿದೆ. ಆಕೆ ಗಾಯ ತೊಳೆದು, ಇಂಜೆಕ್ಷನ್ ಕೊಟ್ಟು, ನಾಳೆಯೇ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಹೋಗಲೇಬೇಕು ಅಂತ ಹೇಳಿ ಹೋದಳು. ಅಣ್ಣ ಹೂಂ ಅಂದ. ಆ ಹೂಂ ನನಗೆ ಹುಟ್ಟಿದಾಗಿನಿಂದ ಗೊತ್ತು. ಅದಕ್ಕೆ ಅರ್ಥವಿಲ್ಲ.

ಬೆಳಗ್ಗೆ ಎದ್ದು ನೋಡಿದರೆ ಪಾದ ಊದಿ, ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಮ್ಮಡಿಯಿಂದ ಕಣಕಾಲಿನ ಕಡೆಗೆ ಕೆಂಪು ಹತ್ತಿತ್ತು. ಅವನು ಕಂಬಳಿ ಹೊದ್ದು ನಡುಗುತ್ತಿದ್ದ. "ಚಳಿ ಕಣಮ್ಮಿ, ನಡುದ್ರೆ ಸರಿ ಓಯ್ತದೆ" ಅಂದ. ಎದ್ದು ನಿಂತ. ನಾಲ್ಕು ಹೆಜ್ಜೆ ನೆಟ್ಟಗೆ ನಡೆದ. ಊದಿದ ಕಾಲಿನಲ್ಲಿ ಒಬ್ಬ ಮನುಷ್ಯ ಕುಂಟದೆ ನಡೆಯುವುದನ್ನು ನೋಡುವುದಕ್ಕಿಂತ ಭಯದ ವಿಷಯ ನಾನು ಕಂಡಿಲ್ಲ.

ನಾನು ಡಿಪೋಗೆ ಫೋನ್ ಮಾಡಿದೆ. ಮೊದಲ ಟ್ರಿಪ್ಪಿನ ಬಸ್ಸು ಆಗಲೇ ಹೊರಟಿತ್ತು. ಈಗ ನನ್ನ ಜೊತೆ ದಿನಾ ಬರುವ ಡ್ರೈವರೇ ಓಡಿಸುತ್ತಿದ್ದ, ನನ್ನ ಬದಲಿಗೆ ಇನ್ನೊಬ್ಬಳು ಕಂಡಕ್ಟರ್ ಇದ್ದಳು. ಅಣ್ಣನನ್ನು ಮಾತಿನಲ್ಲಿ ಹಿಡಿದುಕೊಂಡು ರಸ್ತೆಯವರೆಗೆ ಕರೆತಂದೆ. ತಂಡ ನಮ್ಮ ಹಿಂದೆ ಬಂತು. ಬಸ್ಸು ಸ್ಟಾಪ್ ಇಲ್ಲದ ಆ ಕಡೆ ನಿಂತಿತು. ಬಾಗಿಲು ತೆರೆಯಿತು. ಒಳಗಿದ್ದ ಜನ ಕಿಟಕಿಗೆ ಬಂದರು.

"ಬಸ್ ಅತ್ತಣ್ಣ" ಅಂದೆ.

ಅಣ್ಣ ಬಾಗಿಲ ಕಂಬಿ ಹಿಡಿದುಕೊಂಡ. ಮೆಟ್ಟಿಲನ್ನು ನೋಡಿದ. ಆಮೇಲೆ ಕಂಬಿ ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಸರಿದ. ನಾನು ಅವನ ತೋಳು ಹಿಡಿದು ಎಳೆದೆ. ದಿನಾ ಎಳೆಯುವ ಹಾಗೆ. ಅವನು ಬಾವಿ ಕಟ್ಟೆಯ ಕಲ್ಲಿನಂತೆ ನಿಂತ.

"ಅಣ್ಣ, ಕಾಲು ಓಯ್ತದೆ. ಕಾಲು ತೆಗೀತಾರೆ. ಗೊತ್ತಾಯ್ತದ ನಿಂಗೆ?"

"ಓದ್ರೆ ಒಂದು ಕಾಲು ಓಯ್ತದೆ" ಅಂದ. ದನಿ ತಗ್ಗಿತ್ತು, ಬಸ್ಸಿನವರಿಗೆ ಕೇಳಿಸಬಾರದು ಅನ್ನುವ ಹಾಗೆ. "ಚಕ್ರ ಅತ್ತುದ್ರೆ ಅರಕೆ ಒಡುದೋಯ್ತದೆ. ಮುಂದಿನ ತಿಂಗಳು ನಿಂಗೆ ಸ್ಕ್ಯಾನ್ ಅದೆ ಅಲ್ವ? ಅದ್ರಲ್ಲಿ ಏನಾರ ಬಂದ್ರೆ ನಾನು ಏನು ಮಾಡ್ಲಿ?"

ಇವನು ತನ್ನ ಕಾಲನ್ನು ಒಂದು ಕಡೆ, ನನ್ನ ಜೀವವನ್ನು ಇನ್ನೊಂದು ಕಡೆ ಇಟ್ಟು ತೂಗಿ ಮುಗಿಸಿದ್ದ. ಅದೆಲ್ಲ ಸುಳ್ಳು, ಹಂಗೆಲ್ಲ ಏನೂ ಆಗಲ್ಲ ಅಂತ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ. ಆದರೆ ಆ ಸ್ಕ್ಯಾನಿನ ದಿನವನ್ನು ನೆನೆದು ನಾನು ಎಷ್ಟು ಬೆಳಗು ಬೆವರಿ ಎದ್ದಿದ್ದೇನೆ ಅನ್ನುವುದು ನನಗೊಬ್ಬಳಿಗೇ ಗೊತ್ತು. ಹರಕೆಯಲ್ಲಿ ನಂಬಿಕೆ ಇಲ್ಲ ಅಂತ ಊರೆಲ್ಲ ಸಾರುವ ನನಗೆ ಅದು ಒಡೆದರೆ ಅಂತ ಒಳಗೇ ದಿಗಿಲಾಯಿತು. ಆ ದಿಗಿಲಿಗೆ ನನ್ನ ಮೇಲೆ ನನಗೇ ಅಸಹ್ಯ ಹುಟ್ಟಿತು.

"ಬೇಗ ಮೇಡಂ, ಕೋರ್ಟಿಗೆ ಓಗ್ಬೇಕು" ಅಂತ ಬಸ್ಸಿನಿಂದ ಯಾರೋ ಕೂಗಿದರು. ಡ್ರೈವರ್ ಇಂಜಿನ್ ಆಫ್ ಮಾಡಿದ. ಅವನು ಹೋಗುವುದಿಲ್ಲ ಅನ್ನುವುದು ಅದರಿಂದಲೇ ತಿಳಿಯಿತು.

ನಾನು ಯಜಮಾನರ ಕಡೆ ತಿರುಗಿದೆ. "ನೀವೇ ಅವನ್ನ ದೇವರು ಮಾಡಿದ್ರಿ. ಈಗ ನೀವೇ ನೋಡಿ" ಅಂದೆ. ಅವರು ಸಿಟ್ಟಾಗಲಿಲ್ಲ. ಕೋಲನ್ನು ಪಕ್ಕದವರಿಗೆ ಕೊಟ್ಟು, ಮೊಣಕಾಲೂರಿ ಕೂತು, ಅಣ್ಣನ ಕಾಲಿನ ಬಟ್ಟೆ ಬಿಚ್ಚಿದರು. ಹತ್ತಿರ ಬಗ್ಗಿ ಮೂಸಿದರು. ಅವರ ಮುಖ ಇಳಿದುಹೋಯಿತು. ಊರಲ್ಲಿ ದನದ ಕಾಲಿಗೆ ಹುಳು ಬಿದ್ದಾಗ ಮೂಸಿ ನೋಡಿದ ಮೂಗು ಅದು. ಮಹಿಮೆಗೆ ಆ ವಾಸನೆ ಇರುವುದಿಲ್ಲ ಅಂತ ಅವರಿಗೆ ಗೊತ್ತಾಯಿತು.

ಕೂತಲ್ಲಿಂದಲೇ ಕೇಳಿದರು, "ಈ ಅರಕೆ ಯಾರಿಗೋಸ್ಕರ ಒತ್ತಿದ್ದೆಯಪ್ಪ?"

"ತಂಗಿಗೋಸ್ಕರ ಬುದ್ದಿ."

"ಅಂಗಾದ್ರೆ ಬುಡದು ಬ್ಯಾಡ. ಕೊಡು."

ನಮ್ಮೂರ ತಂಡದಲ್ಲಿ ಹಿಂದಿನಿಂದಲೂ ಒಂದು ಪದ್ಧತಿಯಿತ್ತಂತೆ. ಹರಕೆ ಹೊತ್ತವನಿಗೆ ದಾರಿಯಲ್ಲಿ ಕೈಲಾಗದೆ ಹೋದರೆ, ಯಾರ ಸಲುವಾಗಿ ಹೊತ್ತಿದ್ದನೋ ಅವರು ಅದೇ ಜಾಗದಿಂದ ಉಳಿದ ಹರಕೆಯನ್ನೆಲ್ಲ ತೆಗೆದುಕೊಂಡು ನಡೆಯಬಹುದು. ಕೊಡುವವನು ಬಾಯಿಬಿಟ್ಟು ಕೊಟ್ಟೆ ಅನ್ನಬೇಕು, ತೆಗೆದುಕೊಳ್ಳುವವರು ತಕ್ಕಂಡೆ ಅನ್ನಬೇಕು. ಆದರೆ ಹರಕೆ ಹೊರುವುದು ಸಾಮಾನ್ಯವಾಗಿ ಹಾಸಿಗೆ ಹಿಡಿದವರ ಸಲುವಾಗಿ, ಹಾಲು ಕುಡಿಯುವ ಮಕ್ಕಳ ಸಲುವಾಗಿ. ಅವರು ಬಂದು ನಡೆಯುವುದು ಹೇಗೆ? ಅದಕ್ಕೇ ಈ ಪದ್ಧತಿ ಯಾರಿಗೂ ನೆನಪಿರಲಿಲ್ಲ. ಹರಕೆ ಹೊರಿಸಿಕೊಂಡವಳು ಬೂಟು ಹಾಕಿಕೊಂಡು, ಗುಂಡುಕಲ್ಲಿನಂತೆ, ಜಗಳ ಆಡುತ್ತ ಪಕ್ಕದಲ್ಲೇ ನಿಂತಿರುವುದು ಅವರಿಗೂ ಹೊಸದು.

ಅಣ್ಣ ನನ್ನನ್ನು ನೋಡಿದ. "ಅವಳು ನಂಬಲ್ಲ ಬುದ್ದಿ. ನಂಬದೋಳು ನಡುದ್ರೆ ಮಾದಪ್ಪ ಒಪ್ಕತಾನ?"

"ನಂಬ್ತಾಳೋ ಬುಡ್ತಾಳೋ ಅದು ಅವಳ್ಗೂ ಅವನ್ಗೂ ಬುಟ್ಟಿದ್ದು. ನಡೀತಾಳಾ ಕೇಳು."

ಅಣ್ಣ ಕೇಳಲಿಲ್ಲ. ನಾನು ರಸ್ತೆಯ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದೆ. ಅವಸರದಲ್ಲಿ ಗಂಟು ಸಿಕ್ಕಿಕೊಂಡಿತು. ಕೊನೆಗೆ ಬಿಚ್ಚದೆಯೇ ಎಳೆದು ಕಿತ್ತು ಬಿಸಾಕಿದೆ. ಬರಿಗಾಲನ್ನು ಟಾರಿನ ಮೇಲೆ ಊರಿ ಅವನ ಎದುರಿಗೆ ನಿಂತೆ.

"ಬೆಟ್ಟದ ಗಂಟ ನಡೀತೀಯ?" ಅಂದ ಅಣ್ಣ.

"ನಡೀತೀನಿ."

"ಅರ್ಧದಲ್ಲಿ ಬಸ್ ಅತ್ಬುಡಲ್ವ? ನಿಂಗೆ ಎಲ್ಲ ಬಸ್‌ನೋರೂ ಗೊತ್ತು."

"ಇಲ್ಲ ಕಣಣ್ಣ."

"ನನ್ನ ನೋಡಕ್ಕೆ ಅಂತ ಆಸ್ಪತ್ರೆಗೆ ಓಡಿ ಬತ್ತೀಯ ನೀನು. ನಂಗೊತ್ತು."

ಅದು ಸತ್ಯ. ಅವನನ್ನು ಆ ಸ್ಥಿತಿಯಲ್ಲಿ ಬೇರೆಯವರ ಕೈಗೆ ಕೊಟ್ಟು ಬೆಟ್ಟದ ಕಡೆಗೆ ಮುಖ ಮಾಡಿ ನಡೆಯುವುದು ನನ್ನಿಂದ ಆಗದ ಕೆಲಸ. ಆದರೆ ನಾನು ಬಸ್ಸಿಗೆ ಕಾಲಿಟ್ಟರೆ ಅವನು ಇಳಿಯುತ್ತಿದ್ದ. "ಬೆಟ್ಟ ಮುಟ್ಟೋ ಗಂಟ ನಿನ್ನ ಮುಖ ನೋಡಲ್ಲ" ಅಂದೆ. ಹಾಗೆ ಹೇಳುವಾಗ ಅಳು ಬಂತು, ತಡೆಯಲಿಲ್ಲ.

ಯಜಮಾನರು ಅವನ ಸೊಂಟದ ಹಳದಿ ಬಟ್ಟೆ ಬಿಚ್ಚಿ ಅವನ ಕೈಗೇ ಕೊಟ್ಟರು. ಅಣ್ಣ ಅದನ್ನು ನನ್ನ ಸೊಂಟಕ್ಕೆ ಸುತ್ತಿದ. ಜ್ವರದ ಕೈ ಒಲೆ ಮುಂದೆ ಇಟ್ಟ ಪಾತ್ರೆಯಷ್ಟು ಬಿಸಿಯಿತ್ತು. ಗಂಟು ಹಾಕಿ, ಅದನ್ನು ಹಿಡಿದುಕೊಂಡೇ ತುಂಬ ಹೊತ್ತು ನಿಂತ.

"ಕೊಟ್ಟೆ" ಅಂದ.

"ತಕ್ಕಂಡೆ" ಅಂದೆ.

ಆಮೇಲೆ ಅವನು ಮಗುವಿನ ಹಾಗೆ ಬಸ್ಸು ಹತ್ತಿದ. ಹತ್ತುವಾಗ ನನ್ನ ಹೆಗಲ ಮೇಲೆ ಕೈಯಿಟ್ಟ. ನನ್ನ ಬದಲಿನ ಕಂಡಕ್ಟರ್ ಅವನನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದಳು. ನೇರ ದೊಡ್ಡಾಸ್ಪತ್ರೆಯ ಬಾಗಿಲಿಗೇ ಬಿಡುತ್ತೇನೆ ಅಂದ ಡ್ರೈವರ್. ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅಣ್ಣನ ಮುಖ ಕಾಣುತ್ತಿತ್ತು. ಅವನು ನನ್ನ ಕಾಲನ್ನು ನೋಡುತ್ತಿದ್ದ. ನಾನು ನಡೆಯತೊಡಗಿದೆ.

ಬಿಸಿಲು ಏರುವವರೆಗೆ ಪರವಾಗಿಲ್ಲ ಅನ್ನಿಸಿತ್ತು. ಏರಿದ ಮೇಲೆ ಗೊತ್ತಾಯಿತು. ಟಾರು ಅಂಗಾಲನ್ನು ಹಿಡಿದುಕೊಂಡು ಬಿಡುತ್ತಿತ್ತು. ರಸ್ತೆ ಬದಿಗೆ ಸರಿದರೆ ಜಲ್ಲಿ. ಜಲ್ಲಿಯಿಂದ ಆಚೆ ಸರಿದರೆ ಮುಳ್ಳು. ಬಸ್ಸಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುವ ಒಂದು ತಿರುವು ಮುಗಿಯಲೇ ಇಲ್ಲ. ನಾನು ಅಳುತ್ತ, ಅಣ್ಣನನ್ನು ಬೈಯುತ್ತ, ಮಾದಪ್ಪನನ್ನೂ ಸೇರಿಸಿ ಬೈಯುತ್ತ ನಡೆದೆ. ಹಿಂದಿನ ದಿನ ಬಾಯಿ ಮುಚ್ಕೊಳ್ರೀ ಅನ್ನಿಸಿಕೊಂಡವರೇ ನನ್ನ ಎರಡೂ ಕಡೆ ನಡೆದು, ನೆರಳು ಬಂದ ಕಡೆಯೆಲ್ಲ ನಿಲ್ಲಿಸಿದರು. ಫೋನು ಕೈಯಲ್ಲೇ ಇತ್ತು. ಅದು ಹೊಡೆದುಕೊಳ್ಳಲಿಲ್ಲ.

ಚಾಮರಾಜನಗರ ಮುಟ್ಟುವ ಹೊತ್ತಿಗೆ ಅತ್ತಿಗೆಯ ಫೋನು ಬಂತು. ಅವಳು ಹಂಗಳದಿಂದ ಆಸ್ಪತ್ರೆಗೆ ಬಂದಿದ್ದಳು. ಮೈಸೂರಿಗೆ ಕಳಿಸುತ್ತಿದ್ದಾರೆ, ಆಂಬುಲೆನ್ಸಿನಲ್ಲಿದ್ದೇವೆ ಅಂದಳು. ಅಂಗಾಲಿನ ದಪ್ಪ ಚರ್ಮದ ಕೆಳಗೆ ಹಳೆಯ ಹುಣ್ಣೊಂದಿತ್ತಂತೆ, ಹೋದ ವರ್ಷದ ನಡಿಗೆಯದೇ ಇರಬಹುದಂತೆ. ಮೊಳೆ ಅದನ್ನು ತೆರೆದಿತ್ತು. ಕಾಲು ಉಳಿಯುತ್ತದೋ ಇಲ್ಲವೋ ಈಗಲೇ ಹೇಳುವುದಿಲ್ಲ ಅಂದರಂತೆ. ಮೈಸೂರಿನ ಕಡೆಗೆ ಹೋಗುವ ರಸ್ತೆ ನನ್ನ ಕಣ್ಣೆದುರಿಗೇ ಇತ್ತು. ನಾನು ಸಂತೆಮರಹಳ್ಳಿಯ ಕಡೆಗೆ ತಿರುಗಿದೆ.

ಮಾರನೆಯ ಸಂಜೆ ಅಣ್ಣನೇ ಫೋನ್ ಮಾಡಿದ. ಆಪರೇಷನ್ ಆಗಿತ್ತು. ಎರಡು ಬೆರಳು, ಅಂಗಾಲಿನ ಒಂದಷ್ಟು ಭಾಗ ತೆಗೆದಿದ್ದರು. ಅದೇನನ್ನೂ ಅವನು ಹೇಳಲಿಲ್ಲ, ಅವೆಲ್ಲ ನನಗೆ ಅತ್ತಿಗೆಯಿಂದ ಆಗಲೇ ಗೊತ್ತಿತ್ತು. ಮೊದಲು ಕೇಳಿದ್ದೇ, "ಚಪ್ಲಿ ಆಕಿಲ್ಲ ತಾನೆ?"

"ಇಲ್ಲ."

"ನೋಯ್ತದ?"

ಇಲ್ಲ ಅನ್ನೋಣ ಅಂದುಕೊಂಡೆ. ಸುಳ್ಳು ಬಾಯಿಗೆ ಬರಲಿಲ್ಲ. "ನೋಯ್ತದೆ" ಅಂದೆ.

"ಎಲ್ಲಿ?"

"ಎಡಗಾಲು ಇಮ್ಮಡಿ ಒಡುದೋಗದೆ. ಬಲಗಾಲ ಎಬ್ಬೆರಳ ಕೆಳಗೆ ಬೊಬ್ಬೆ. ಉರೀತದೆ."

"ಉರೀತದ, ಇಲ್ಲ ಚುಚ್ತದ?"

"ನೆಲ ಮುಟ್ಟಿದಾಗ ಚುಚ್ತದೆ. ಎತ್ತಿದಾಗ ಉರೀತದೆ. ಯಾಕಣ್ಣ?"

"ನಂಗೆ ಅದು ಎಂಗಿರ್ತದೆ ಅಂತ್ಲೇ ಮರ್ತೋಗದೆ ಕಣಮ್ಮಿ" ಅಂದ. "ಮಾದಪ್ಪ ಅಂದ್ಕೊಂಡಿದ್ದೆ."

ಅದಾದ ಮೇಲೆ ದಿನಾ ಸಂಜೆ ಅವನು ಫೋನ್ ಮಾಡಿದ. ಕೊಳ್ಳೇಗಾಲದಲ್ಲಿ, ಹನೂರಿನಲ್ಲಿ, ತಾಳಬೆಟ್ಟದ ಬುಡದಲ್ಲಿ. ಇವತ್ತು ಎಲ್ಲಿ ನೋಯಿತು ಅಂತ ಕೇಳುತ್ತಿದ್ದ. ನಾನು ಒಂದೂ ಬಿಡದೆ ಹೇಳುತ್ತಿದ್ದೆ. ಹಗಲೆಲ್ಲ ನಡೆಯುವಾಗ ಸಂಜೆ ಅವನಿಗೆ ಏನು ಹೇಳಬೇಕು ಅಂತಲೇ ಕಾಲಿನ ಕಡೆ ಗಮನ ಕೊಡುತ್ತಿದ್ದೆ. ಬೆಟ್ಟದ ಮೇಲೆ ಯಜಮಾನರು ಗಂಟು ಬಿಚ್ಚಿದಾಗ ನಾನು ಕೈ ಮುಗಿದೆ. ಏನು ಕೇಳಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ.

ಅಲ್ಲಿಂದ ಬಸ್ಸು ಹತ್ತಿ ನೇರ ಮೈಸೂರಿನ ಆಸ್ಪತ್ರೆಗೆ ಹೋದೆ. ಕಾಲಿಗೆ ಚಪ್ಪಲಿ ಸೇರುತ್ತಿರಲಿಲ್ಲ. ಅಣ್ಣ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಬಲಗಾಲಿಗೆ ಮೊಣಕಾಲಿನವರೆಗೆ ಬ್ಯಾಂಡೇಜು. ಅದರ ತುದಿ ಮೊದಲಿಗಿಂತ ಕಿರಿದಾಗಿತ್ತು, ಆದರೆ ಕಾಲು ಇತ್ತು. ನನ್ನನ್ನು ಕಂಡವನು ಮುಖ ನೋಡಲಿಲ್ಲ, ಕೆಳಗೆ ನೋಡಿದ.

"ಕಾಲು ಕೊಡು" ಅಂದ.

ಅಣ್ಣನ ತೊಡೆಯ ಮೇಲೆ ತಂಗಿ ಕಾಲಿಡುವುದುಂಟೇ? ಬೇಡ ಅಂದೆ. ಅವನು ಬಗ್ಗಿ ಎಳೆದುಕೊಂಡ. ನಾನು ಸ್ಟೂಲಿನ ಮೇಲೆ ಕೂತೆ. ಅವನು ನನ್ನ ಅಂಗಾಲನ್ನು ಬೆಳಕಿಗೆ ತಿರುಗಿಸಿ, ಒಡೆದ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಒತ್ತಿದ.

"ಇಲ್ಲಿ ನೋಯ್ತದ?"

"ಹೂಂ."

ಹೆಬ್ಬೆರಳಿನ ಬುಡಕ್ಕೆ ಬಂದು ಬೊಬ್ಬೆಯ ಮೇಲೆ ಒತ್ತಿದ. "ಇಲ್ಲಿ?"

"ಅಯ್ಯೋ ಬುಡಣ್ಣ, ನೋಯ್ತದೆ."

ಅವನು ಕೈ ತೆಗೆಯಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಇನ್ನೊಂದ್ಸಲ ಯೋಳು" ಅಂದ.

"ನೋಯ್ತದೆ ಕಣಣ್ಣ" ಅಂದೆ.